ಛಾಯಾಚಿತ್ರ ತೆಗೆಯುವ ಹವ್ಯಾಸ: ಹೊಸಬರಿಗೆ ಕೆಲವು ಸೂಚನೆಗಳು

ಬಿಡುವಿನ ವೇಳೆಯನ್ನು ಸಾರ್ಥಕಗೊಳಿಸುವ ಹವ್ಯಾಸಗಳು ಅನೇಕ. ಅಂಚೆಚೀಟಿಗಳ ಸಂಗ್ರಹ, ತೋಟಗಾರಿಕೆ, ಪಕ್ಷಿವೀಕ್ಷಣೆ, ಚಿತ್ರಲೇಖನ ಮುಂತಾದುವುಗಳಂತೆ ಛಾಯಾಚಿತ್ರಣವೂ ಒಂದು. ಹಿಂದೆ ಇದು ಸಿರಿವಂತರ ಹವ್ಯಾಸವೆನಿಸಿತ್ತು. ಕ್ಯಾಮರಾದ ಬೆಲೆ, ಫಿಲ್ಮಿನ ಬೆಲೆ, ಅದನ್ನು ಸಂಸ್ಕರಿಸಿ ಮುದ್ರಿಸುವ ವೆಚ್ಚ ಇವೆಲ್ಲವೂ ಸಾಮಾನ್ಯ ಕುಟುಂಬದ ಕೈಗೆ ಎಟುಕುವಂತಿರಲಿಲ್ಲ. ಈಗ ಆ ತೊಡಕು ಬಹುಮಟ್ಟಿಗೆ ನೀಗಿದೆ. ಮನೆಯಲ್ಲಿ ಒಬ್ಬರ ಬಳಿಯಲ್ಲಾದರೂ ಇರುವ ಮೊಬೈಲ್ ಫೋನಿನಲ್ಲಿಯೇ ಕ್ಯಾಮರಾ ಅಡಕವಾಗಿರುತ್ತದೆ. ಸಲಕರಣೆಯು ಸುಲಭವಾಗಿ ದೊರೆತ ಮಾತ್ರಕ್ಕೆ ಒಳ್ಳೆಯ ಚಿತ್ರವೂ ಸುಲಭವಾಗಿ ದೊರೆಯುವುದೆಂದು ಭಾವಿಸುವುದು ತಪ್ಪು. ಲೇಖನಿ ಇದ್ದವರೆಲ್ಲರ ಅಕ್ಷರವೂ ದುಂಡಾಗಿರುವುದಿಲ್ಲವಷ್ಟೆ!

ನಮ್ಮ ಸಂಘದ ಕಚೇರಿಯ ಬೀರುವಿನಲ್ಲಿ ಒಂದು ಹಳೆಯ ಛಾಯಾಚಿತ್ರವಿದೆ. ಮರದ ಕೆಳಗೆ ಮೂರು ಸಾಲುಗಳಲ್ಲಿ ಮಕ್ಕಳು ಕಾಣುತ್ತಾರೆ; ನಡುವೆ ಕುರ್ಚಿಗಳ ಮೇಲೆ ಪೇಟ ಧರಿಸಿದ ಇಬ್ಬರು ಉಪಾಧ್ಯಾಯರು ಕುಳಿತಿದ್ದಾರೆ. ಚಿತ್ರವು ಬಹಳ ಸ್ಪಷ್ಟವಾಗಿದೆ. ಮುಂದಿನ ಸಾಲಿನ ಬಾಲಕನೊಬ್ಬನ ಅಂಗಿಯ ಗುಂಡಿ ಕಿತ್ತುಹೋಗಿರುವುದೂ ಅದರಲ್ಲಿ ಕಾಣುತ್ತದೆ. ಹಿಂಬದಿಯಲ್ಲಿ ಸ್ಟುಡಿಯೋದವರು ಒತ್ತಿದ ಮೊಹರು ಮಾಸಿಹೋಗಿ, ‘ಹೊಸೂರು, ಸೇಲಂ ಜಿಲ್ಲೆ’ ಎಂಬಷ್ಟು ಮಾತ್ರ ಉಳಿದಿದೆ. ಸೇಲಂ ಜಿಲ್ಲೆಯಿಂದ ಧರ್ಮಪುರಿ ಜಿಲ್ಲೆಯು ಬೇರ್ಪಟ್ಟುದು 1965ನೆಯ ಇಸವಿ ಅಕ್ಟೋಬರ್ 2ರಂದು. ಅಂದು ಧರ್ಮಪುರಿಗೆ ಸೇರಿದ ಹೊಸೂರು, 2004ರಲ್ಲಿ ಹೊಸದಾಗಿ ರಚಿತವಾದ ಕೃಷ್ಣಗಿರಿ ಜಿಲ್ಲೆಗೆ ಸೇರಿತು. ಆದುದರಿಂದ ಈ ಚಿತ್ರವು 1965ಕ್ಕಿಂತ ಹಿಂದಿನದಾಗಿರಬೇಕೆಂದು ಊಹಿಸಬಹುದು.

ಇದಕ್ಕಿಂತ ಹೆಚ್ಚಿಗೆ ನಮಗೆ ಏನೂ ತಿಳಿಯದು. ಊರಿನ ಹಿರಿಯರಿಗೆ ಚಿತ್ರವನ್ನು ತೋರಿಸಿದೆವು. ಅವರು ಕನ್ನಡಕವನ್ನು ಒರೆಸಿ ಒರೆಸಿ ನೋಡಿ, ನಾಲ್ವರನ್ನು ಮಾತ್ರ ಗುರುತಿಸಿದರು. ಇಬ್ಬರು ಉಪಾಧ್ಯಾಯರಲ್ಲಿ ಒಬ್ಬರ ಹೆಸರೂ ಅವರಿಗೆ ನೆನಪಾಗಲಿಲ್ಲ. ಈ ಗಡಿನಾಡಿನಲ್ಲಿ ಕನ್ನಡ ಅಕ್ಷರಗಳನ್ನು ಮಕ್ಕಳಿಗೆ ತಿದ್ದಿಸಿದ ಆ ಮಹನೀಯರ ಮುಖ ಉಳಿದಿದೆ, ಹೆಸರು ಅಳಿದಿದೆ. ಅಂದು ಚಿತ್ರದ ಹಿಂದೆ ಸೀಸದಕಡ್ಡಿಯಿಂದ ಎರಡು ಸಾಲು ಬರೆದಿದ್ದರೆ ಈ ನಷ್ಟ ಆಗುತ್ತಿರಲಿಲ್ಲ. ಈ ಲೇಖನವನ್ನು ಬರೆಯಲು ನಮ್ಮನ್ನು ಪ್ರೇರಿಸಿದುದು ಇದೇ ಚಿತ್ರ. ಚಿತ್ರವನ್ನು ಚೆನ್ನಾಗಿ ತೆಗೆಯುವುದು ಹೇಗೆ, ತೆಗೆದುದನ್ನು ಬಾಳುವಂತೆ ಮಾಡುವುದು ಹೇಗೆ ಎಂಬೆರಡು ವಿಷಯಗಳನ್ನು ಇಲ್ಲಿ ವಿವರಿಸುತ್ತೇವೆ.

ಕ್ಯಾಮರಾ ಎಂದರೇನು?

ಹೆಂಚಿನ ಮನೆಯಲ್ಲಿ ವಾಸಿಸುವ ಮಕ್ಕಳು ಒಂದು ಸಂಗತಿಯನ್ನು ಗಮನಿಸಿರಬಹುದು. ಹೆಂಚುಗಳ ನಡುವಿನ ಸಣ್ಣ ರಂಧ್ರದಿಂದ ಬಿಸಿಲು ಒಳಬಂದಾಗ ನೆಲದ ಮೇಲೆ ದುಂಡನೆಯ ಬೆಳಕಿನ ಬಿಲ್ಲೆ ಮೂಡುತ್ತದೆ. ರಂಧ್ರವು ಯಾವ ಆಕಾರದ್ದಾಗಿದ್ದರೂ ಬಿಲ್ಲೆಯು ದುಂಡಗೇ ಇರುತ್ತದೆ. ಏಕೆಂದರೆ ಅದು ಸೂರ್ಯನ ಬಿಂಬ. ಒಂದು ಪಾದರಕ್ಷೆಯ ಪೆಟ್ಟಿಗೆಯ ಒಂದು ಬದಿಯಲ್ಲಿ ಸೂಜಿಯಿಂದ ರಂಧ್ರ ಮಾಡಿ, ಎದುರು ಬದಿಯನ್ನು ಕತ್ತರಿಸಿ ತೆಗೆದು, ಅಲ್ಲಿ ಎಣ್ಣೆ ಸವರಿದ ತೆಳುಕಾಗದವನ್ನು ಅಂಟಿಸಿರಿ. ತಲೆಯ ಮೇಲೆ ಕಂಬಳಿ ಹೊದ್ದು, ರಂಧ್ರವನ್ನು ಬಿಸಿಲಿನಲ್ಲಿರುವ ಮರದ ಕಡೆಗೆ ತಿರುಗಿಸಿ ನೋಡಿದರೆ ಕಾಗದದ ಮೇಲೆ ಆ ಮರವು ತಲೆಕೆಳಗಾಗಿ ಕಾಣುವುದು. ಇದೇ ಕ್ಯಾಮರಾದ ಮೂಲತತ್ತ್ವ. ರಂಧ್ರದ ಸ್ಥಳದಲ್ಲಿ ಗಾಜಿನ ಮಸೂರವನ್ನೂ, ಕಾಗದದ ಸ್ಥಳದಲ್ಲಿ ಬೆಳಕಿಗೆ ಸ್ಪಂದಿಸುವ ಫಿಲ್ಮನ್ನೂ ಇರಿಸಿದರೆ ಹಳೆಯ ಕ್ಯಾಮರಾ ಆಯಿತು. ಫಿಲ್ಮಿಗೆ ಬದಲಾಗಿ ವಿದ್ಯುನ್ಮಾನ ಫಲಕವನ್ನು ಇರಿಸಿದರೆ ಇಂದಿನ ಕ್ಯಾಮರಾ ಆಯಿತು.

ಫಿಲ್ಮಿನ ಕಾಲದಲ್ಲಿ ಪ್ರತಿ ಚಿತ್ರಕ್ಕೂ ಹಣ ಖರ್ಚಾಗುತ್ತಿತ್ತು. ನಮ್ಮ ದೇಶದಲ್ಲಿಯೇ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್-3 ಎಂಬ ಸರಳವಾದ ಕ್ಯಾಮರಾದಲ್ಲಿ ಒಂದು ಸುರುಳಿಗೆ 12 ಚಿತ್ರಗಳು ಮಾತ್ರ ಬರುತ್ತಿದ್ದವು. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯು 1967ರಿಂದ ಫಿಲ್ಮನ್ನು ತಯಾರಿಸತೊಡಗಿತು. ಅದರ ‘ಇಂದು’ ಎಂಬ ಹೆಸರಿನ ಕಪ್ಪು ಬಿಳುಪು ಫಿಲ್ಮು ದೇಶದ ಸ್ಟುಡಿಯೋಗಳಲ್ಲೆಲ್ಲ ಬಳಕೆಯಲ್ಲಿತ್ತು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ. ನಾವು ಬಾಲ್ಯದಲ್ಲಿ ಮೊತ್ತಮೊದಲ ಸುರುಳಿಯನ್ನು ಮುಗಿಸಿದಾಗ, ಒಳಗೆ ಚಿತ್ರ ಹೇಗೆ ಮೂಡಿದೆಯೋ ನೋಡೋಣವೆಂಬ ಕುತೂಹಲದಿಂದ ನಡುಹಗಲಿನಲ್ಲಿ ಕ್ಯಾಮರಾದ ಹಿಂಬಾಗಿಲನ್ನು ತೆರೆದೆವು. ಹನ್ನೆರಡು ಚಿತ್ರಗಳೂ ಬಿಸಿಲಿಗೆ ಬಲಿಯಾದವು! ಇಂದಿನ ಮಕ್ಕಳಿಗೆ ಅಂತಹ ಭಯವಿಲ್ಲ. ಆದರೂ ‘ಈ ಸುರುಳಿಯಲ್ಲಿ ಹನ್ನೆರಡೇ ಚಿತ್ರಗಳಿವೆ’ ಎಂದು ಭಾವಿಸಿಕೊಂಡು ಒಂದು ದಿನ ಅಭ್ಯಾಸ ಮಾಡಿರೆಂದು ನಾವು ಸಲಹೆ ಮಾಡುತ್ತೇವೆ. ಒತ್ತುವುದಕ್ಕೆ ಮೊದಲು ನೋಡುವ ಅಭ್ಯಾಸವು ಇದರಿಂದ ಬೆಳೆಯುತ್ತದೆ.

ಬೆಳಕಿನ ಅಳತೆ

ಒಂದು ಕೊಡವನ್ನು ನಲ್ಲಿಯ ಕೆಳಗೆ ಇರಿಸಿದ್ದೇವೆಂದು ತಿಳಿಯೋಣ. ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ಕೊಡ ಬೇಗ ತುಂಬುವುದು. ಸ್ವಲ್ಪವೇ ತಿರುಗಿಸಿದರೆ ನಿಧಾನವಾಗಿ ತುಂಬುವುದು. ಎರಡರಲ್ಲಿಯೂ ಕೊಡ ತುಂಬಬೇಕು, ಉಕ್ಕಿ ಹರಿಯಬಾರದು. ಚಿತ್ರಕ್ಕೆ ಬೇಕಾದ ಬೆಳಕಿನ ವಿಷಯವೂ ಹೀಗೆಯೇ. ಮಸೂರದ ದ್ವಾರವು ನಲ್ಲಿಯಿದ್ದಂತೆ. ಮುಚ್ಚಳ ತೆರೆದಿರುವ ಹೊತ್ತು ನೀರು ಬೀಳುವ ಹೊತ್ತಿದ್ದಂತೆ. ಫಿಲ್ಮಿನ ಅಥವಾ ಫಲಕದ ಸೂಕ್ಷ್ಮತೆಯು ಕೊಡದ ಗಾತ್ರವಿದ್ದಂತೆ. ಸೂಕ್ಷ್ಮತೆಯನ್ನು ಐ.ಎಸ್.ಓ. ಎಂಬ ಅಂಕಿಯಿಂದ ಸೂಚಿಸುತ್ತಾರೆ. ಅಂಕಿ ಹೆಚ್ಚಿದಂತೆ ಅಲ್ಪ ಬೆಳಕೇ ಸಾಕಾಗುವುದು. ಆದರೆ ಚಿತ್ರದಲ್ಲಿ ಮರಳಿನಂತಹ ಕಣಗಳು ತೋರತೊಡಗುವುವು.

ದ್ವಾರವನ್ನು ‘ಎಫ್’ ಅಂಕಿಗಳಿಂದ ಅಳೆಯುತ್ತಾರೆ. ಇಲ್ಲಿ ಒಂದು ವಿಚಿತ್ರವಿದೆ: ಅಂಕಿ ದೊಡ್ಡದಾದಷ್ಟೂ ದ್ವಾರ ಕಿರಿದು. ಎಫ್ 16 ಕಿರಿಯ ದ್ವಾರ, ಎಫ್ 4 ಹಿರಿಯ ದ್ವಾರ. ಹಳೆಯ ಛಾಯಾಗ್ರಾಹಕರು ಅಳತೆಯ ಯಂತ್ರವಿಲ್ಲದೆಯೇ ಒಂದು ಸೂತ್ರವನ್ನು ಬಳಸುತ್ತಿದ್ದರು. ನಿರ್ಮಲವಾದ ಬಿಸಿಲಿನಲ್ಲಿ ದ್ವಾರವನ್ನು ಎಫ್ 16ಕ್ಕೆ ಇರಿಸಿ, ಐ.ಎಸ್.ಓ. ಅಂಕಿಯಷ್ಟರಲ್ಲಿ ಒಂದು ಪಾಲು ಸೆಕೆಂಡು ಮುಚ್ಚಳವನ್ನು ತೆರೆಯಬೇಕು. ಎಂದರೆ ಐ.ಎಸ್.ಓ. 100 ಆದರೆ ಸುಮಾರು 1/125 ಸೆಕೆಂಡು. 400 ಆದರೆ ಸುಮಾರು 1/500 ಸೆಕೆಂಡು. ದ್ವಾರವನ್ನು ಒಂದು ಮೆಟ್ಟಿಲು ಹಿಗ್ಗಿಸಿ ಎಫ್ 11ಕ್ಕೆ ತಂದರೆ ಬೆಳಕು ಇಮ್ಮಡಿಯಾಗುವುದರಿಂದ ಕಾಲವನ್ನು ಅರ್ಧಕ್ಕೆ ಇಳಿಸಬೇಕು. ಮೊಬೈಲಿನಲ್ಲಿ ಈ ಲೆಕ್ಕವನ್ನೆಲ್ಲ ಯಂತ್ರವೇ ಮಾಡಿಕೊಳ್ಳುತ್ತದೆ. ಆದರೂ ಸೂತ್ರವನ್ನು ಅರಿತವನಿಗೆ ಯಂತ್ರವು ಎಲ್ಲಿ ತಪ್ಪುತ್ತದೆಂಬುದು ಗೊತ್ತಾಗುತ್ತದೆ.

ಯಂತ್ರವು ತಪ್ಪುವುದು ಎಲ್ಲಿ? ನಮ್ಮ ಸೇಲಂ ಸೀಮೆಯಲ್ಲಿಯೇ ಉದಾಹರಣೆ ದೊರೆಯುತ್ತದೆ. ಮರಗೆಣಸಿನ ಹಾಲಿನಿಂದ ಸಬ್ಬಕ್ಕಿಯನ್ನು ತಯಾರಿಸುವವರು ಅದನ್ನು ವಿಶಾಲವಾದ ಕಣಗಳಲ್ಲಿ ಬಿಸಿಲಿಗೆ ಹರಡುತ್ತಾರೆ. ಕಣ್ಣಿಗೆ ಅದು ಹಾಲಿನಂತೆ ಬೆಳ್ಳಗೆ ಕಾಣುವುದು. ಚಿತ್ರ ತೆಗೆದು ನೋಡಿದರೆ ಬೂದಿಯ ಬಣ್ಣ! ಕ್ಯಾಮರಾಕ್ಕೆ ಸಬ್ಬಕ್ಕಿ ಯಾವುದು, ಎಮ್ಮೆ ಯಾವುದು ಎಂಬುದು ತಿಳಿಯದು. ಅದು ಎಲ್ಲವನ್ನೂ ನಡುವಣ ಬೂದುಬಣ್ಣಕ್ಕೆ ತರಲು ಯತ್ನಿಸುತ್ತದೆ. ಆದುದರಿಂದ ಬಿಳಿಯ ವಸ್ತುಗಳು ಚಿತ್ರವನ್ನು ತುಂಬಿರುವಾಗ ಬೆಳಕನ್ನು ತುಸು ಹೆಚ್ಚಿಸಬೇಕು. ಕರಿಕಲ್ಲು, ಎಮ್ಮೆ ಮುಂತಾದ ಕಪ್ಪು ವಸ್ತುಗಳಿರುವಾಗ ತುಸು ತಗ್ಗಿಸಬೇಕು. ಮೊಬೈಲಿನ ತೆರೆಯ ಮೇಲೆ ಮುಖ್ಯ ವಸ್ತುವನ್ನು ಬೆರಳಿನಿಂದ ಮುಟ್ಟಿದರೆ ಸಾಮಾನ್ಯವಾಗಿ ಸೂರ್ಯನ ಚಿಹ್ನೆಯೊಂದು ಕಾಣಿಸಿಕೊಳ್ಳುವುದು. ಅದನ್ನು ಮೇಲಕ್ಕೂ ಕೆಳಕ್ಕೂ ಸರಿಸಿ ಈ ತಿದ್ದುಪಡಿಯನ್ನು ಮಾಡಬಹುದು.

ರಾಯಕೋಟೆಯ ಹಳೆಯ ಚಿತ್ರಗಳು

ಬೆಳಕಿನೊಡನೆ ಹೋರಾಡಿದವರಲ್ಲಿ ನಾವು ಮೊದಲಿಗರಲ್ಲ. ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿಯು ಮದರಾಸು ಸರ್ಕಾರದ ಛಾಯಾಗ್ರಾಹಕನಾಗಿ ನೇಮಕಗೊಂಡು, 1857ರ ಕೊನೆಯಲ್ಲಿ ಬೆಂಗಳೂರಿನಿಂದ ದಕ್ಷಿಣಕ್ಕೆ ಹೊರಟನು. ದೊಡ್ಡ ಕ್ಯಾಮರಾ, ರಾಸಾಯನಿಕಗಳು, ಕಾಗದದ ಕಟ್ಟುಗಳು ಎಲ್ಲವೂ ಎತ್ತಿನ ಗಾಡಿಗಳಲ್ಲಿ ಸಾಗಬೇಕಾಗಿದ್ದಿತು. ಆತನು ಈ ಸೀಮೆಯಲ್ಲಿ ತೆಗೆದ ಚಿತ್ರಗಳು, ಸೇಲಂ ಜಿಲ್ಲೆಯ ರಾಯಕೋಟೆ ಮತ್ತು ಇತರ ಸ್ಥಳಗಳ ದೃಶ್ಯಗಳೆಂಬ ಹೆಸರಿನಿಂದ 1858ರಲ್ಲಿ ಸಂಪುಟವಾಗಿ ಹೊರಬಂದವು. ಛಾಯಾಗ್ರಹಣದ ವಿಧಾನವು ಜಗತ್ತಿಗೆ ಪ್ರಕಟವಾದುದೇ 1839ರಲ್ಲಿ. ಅದಾದ ಇಪ್ಪತ್ತು ವರ್ಷಗಳೊಳಗೆ ನಮ್ಮ ರಾಯಕೋಟೆಯ ಬೆಟ್ಟವು ಚಿತ್ರದಲ್ಲಿ ಮೂಡಿತೆಂಬುದು ನಮಗೆ ಹೆಮ್ಮೆಯ ವಿಷಯ.

ಟ್ರೈಪನು ಮೇಣ ಸವರಿದ ಕಾಗದದ ಮೇಲೆ ಚಿತ್ರವನ್ನು ಪಡೆಯುತ್ತಿದ್ದನು. ಆ ಕಾಗದವು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶವು ಬರಿದಾಗಿ ಬೆಳ್ಳಗೆ ಬರುತ್ತಿದ್ದಿತು. ಆತನು ಕುಂಚವನ್ನು ಹಿಡಿದು ಮೂಲಪ್ರತಿಗಳ ಮೇಲೆ ಮೋಡಗಳನ್ನು ಬಣ್ಣದಿಂದ ತಿದ್ದುತ್ತಿದ್ದನು. ಇಂದಿಗೂ ಹೊಸಬರ ಚಿತ್ರಗಳಲ್ಲಿ ಇದೇ ದೋಷ ಕಾಣುತ್ತದೆ: ಆಕಾಶ ಸುಣ್ಣ ಬಳಿದಂತಿರುವುದು, ಇಲ್ಲವೇ ಮನುಷ್ಯರ ಮುಖ ಮಸಿಯಾಗಿರುವುದು. ಇದಕ್ಕೆ ಕುಂಚದ ಅಗತ್ಯವಿಲ್ಲ. ಸೂರ್ಯನನ್ನು ನಮ್ಮ ಬೆನ್ನಿಗೆ ಅಥವಾ ಪಕ್ಕಕ್ಕೆ ಇರಿಸಿಕೊಂಡು, ಚಿತ್ರದಲ್ಲಿ ಆಕಾಶದ ಪಾಲನ್ನು ಕಡಮೆ ಮಾಡಿದರೆ ಸಾಕು. ಇನ್ನೊಂದು ಮಾತು: ಆ ಸಂಪುಟದಲ್ಲಿ ಊರಿನ ಹೆಸರೂ ವರ್ಷವೂ ಅಚ್ಚಾಗಿದ್ದುದರಿಂದಲೇ ಒಂದೂವರೆ ಶತಮಾನ ಕಳೆದ ಮೇಲೂ ಅದು ರಾಯಕೋಟೆಯೆಂದು ನಾವು ಹೇಳಬಲ್ಲೆವು.

ಯಾವ ಹೊತ್ತು, ಯಾವ ಸ್ಥಳ?

ನಮ್ಮ ಜಿಲ್ಲೆಗಳ ನಡುಹಗಲಿನ ಬಿಸಿಲು ಛಾಯಾಚಿತ್ರಕ್ಕೆ ವೈರಿ. ಸೂರ್ಯನು ನೆತ್ತಿಯ ಮೇಲಿರುವಾಗ ಕಣ್ಣಿನ ಗುಳಿಗಳಲ್ಲಿಯೂ ಮೂಗಿನ ಕೆಳಗೂ ಕರಿಯ ನೆರಳು ಬಿದ್ದು, ಸುಂದರವಾದ ಮುಖವೂ ವಿಕಾರವಾಗಿ ತೋರುವುದು. ಬೆಳಗ್ಗೆ ಒಂಬತ್ತು ಗಂಟೆಗೆ ಮುಂಚೆ, ಸಂಜೆ ನಾಲ್ಕರ ಅನಂತರ ಬೆಳಕು ಓರೆಯಾಗಿಯೂ ಮೃದುವಾಗಿಯೂ ಇರುತ್ತದೆ. ಹಗಲಿನಲ್ಲಿಯೇ ತೆಗೆಯಬೇಕಾಗಿ ಬಂದರೆ ವ್ಯಕ್ತಿಯನ್ನು ಬಿಸಿಲಿನಿಂದ ನೆರಳಿಗೆ ಕರೆಯಿರಿ. ಮನೆಯ ಜಗಲಿ, ಹೊಂಗೆಯ ಮರದಡಿ, ದೇವಾಲಯದ ಕೈಸಾಲೆ ಇವುಗಳಲ್ಲಿ ಅಂಚಿಗೆ ಕೂರಿಸಿ, ಮುಖವು ಬಯಲಿನ ಕಡೆಗೆ ತಿರುಗಿರುವಂತೆ ನೋಡಿಕೊಂಡರೆ ಬೆಳಕು ಒಂದೇ ಸಮನಾಗಿ ಬೀಳುವುದು. ಅಜ್ಜಿಯ ಮುಖದ ಒಂದೊಂದು ಸುಕ್ಕೂ ಆಗ ಕಥೆ ಹೇಳುವಂತಿರುತ್ತದೆ.

ಸೇಲಂ ನಗರದಲ್ಲಿ ಕನ್ನಡ ಮನೆಮಾತಿನ ದೇವಾಂಗ ನೇಕಾರರ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಕೈಮಗ್ಗವಿರುವ ಕೋಣೆಯು ಸಾಮಾನ್ಯವಾಗಿ ಮಬ್ಬಾಗಿರುತ್ತದೆ. ಅಲ್ಲಿ ಚಿತ್ರ ತೆಗೆಯುವವರು ಮಾಡುವ ಮೊದಲ ತಪ್ಪೆಂದರೆ ಫ್ಲ್ಯಾಷ್ ದೀಪವನ್ನು ಹೊತ್ತಿಸುವುದು. ಅದರ ಬೆಳಕು ನೇರವಾಗಿ ಬಡಿದು, ರೇಷ್ಮೆಯ ನುಣುಪು, ನೂಲಿನ ಎಳೆ, ನೇಯುವವರ ಕೈಯ ನರ ಎಲ್ಲವನ್ನೂ ಚಪ್ಪಟೆಯಾಗಿಸುತ್ತದೆ. ದೀಪವನ್ನು ಆರಿಸಿ, ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ನಿಂತುಕೊಳ್ಳಿರಿ. ಕಿಟಕಿಯು ನೇಕಾರರ ಬೆನ್ನ ಹಿಂದೆ ಇರಬಾರದು. ಮಬ್ಬಿನಲ್ಲಿ ಮುಚ್ಚಳವು ಹೆಚ್ಚು ಹೊತ್ತು ತೆರೆದಿರುವುದರಿಂದ ಕೈ ನಡುಗಿದರೆ ಚಿತ್ರ ಕಲಸಿಹೋಗುವುದು. 1/60 ಸೆಕೆಂಡಿಗಿಂತ ನಿಧಾನವಾದರೆ ಬರಿಗೈಯನ್ನು ನಂಬುವಂತಿಲ್ಲ. ಮೊಣಕೈಗಳನ್ನು ಎದೆಗೆ ಒತ್ತಿಕೊಂಡು, ಕಂಬಕ್ಕೋ ಗೋಡೆಗೋ ಒರಗಿ, ಉಸಿರನ್ನು ಕ್ಷಣಕಾಲ ಬಿಗಿಹಿಡಿದು ಮೆಲ್ಲಗೆ ಒತ್ತಿರಿ. ಲಾಳಿಯು ಓಡುವಾಗ ಅದು ಮಸುಕಾಗಿ ಬಂದರೆ ಚಿಂತೆಯಿಲ್ಲ. ಮುಖವೂ ಮಗ್ಗವೂ ಸ್ಪಷ್ಟವಾಗಿದ್ದು ಲಾಳಿ ಮಾತ್ರ ಮಸುಕಾಗಿದ್ದರೆ ನೋಡುವವರಿಗೆ ಅದರ ವೇಗ ತಿಳಿಯುವುದು.

ಹೊಗೇನಕಲ್ಲಿಗೆ ಪ್ರವಾಸ ಹೋಗದ ಶಾಲೆ ನಮ್ಮಲ್ಲಿ ವಿರಳ. ಹೊಗೆಯಂತೆ ಏಳುವ ತುಂತುರಿನಿಂದ ಆ ಕಲ್ಲಿಗೆ ಕನ್ನಡದ ಹೆಸರೇ ಬಂದಿದೆ. ಕಾವೇರಿಯ ನೀರು ಧುಮುಕುವುದನ್ನು 1/500 ಸೆಕೆಂಡಿನಲ್ಲಿ ತೆಗೆದರೆ ಹನಿಹನಿಯೂ ಮುತ್ತಿನಂತೆ ನಿಲ್ಲುವುದು; ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ಇರಿಸಿ ಕಾಲು ಸೆಕೆಂಡು ತೆರೆದರೆ ನೀರು ರೇಷ್ಮೆಯ ಸೀರೆಯಂತೆ ಇಳಿಯುವುದು. ಒಂದೇ ಸ್ಥಳದಲ್ಲಿ ಎರಡನ್ನೂ ತೆಗೆದು ಹೋಲಿಸಿ ನೋಡಿದರೆ ಕಾಲದ ಮಹಿಮೆ ಚೆನ್ನಾಗಿ ಮನದಟ್ಟಾಗುವುದು. ತುಂತುರು ಮಸೂರದ ಮೇಲೆ ಕೂರುವುದರಿಂದ ಮೆತ್ತನೆಯ ಹತ್ತಿಬಟ್ಟೆ ಜೇಬಿನಲ್ಲಿರಲಿ. ಹರಿಗೋಲಿನಲ್ಲಿ ಕುಳಿತಿರುವಾಗ ಎದ್ದು ನಿಂತು ಚಿತ್ರ ತೆಗೆಯುವುದು, ಬಂಡೆಯ ಅಂಚಿಗೆ ಹಿಮ್ಮುಖವಾಗಿ ನಡೆಯುವುದು ಇವನ್ನು ಖಂಡಿತವಾಗಿಯೂ ಮಾಡಕೂಡದು. ಯಾವ ಚಿತ್ರವೂ ಪ್ರಾಣಕ್ಕೆ ಸಮವಲ್ಲ.

ಅಂದ ಹಾಗೆ, ಮಸೂರವನ್ನು ಒರೆಸುವುದು ಹೊಗೇನಕಲ್ಲಿಗೆ ಮಾತ್ರ ಸೀಮಿತವಾದ ನಿಯಮವಲ್ಲ. ಮೊಬೈಲಿನ ಮಸೂರಕ್ಕೆ ದಿನವೆಲ್ಲ ಬೆರಳಿನ ಜಿಡ್ಡು ತಗುಲುತ್ತಿರುತ್ತದೆ. ‘ನಮ್ಮ ಫೋನಿನಲ್ಲಿ ಚಿತ್ರ ಮಂಜುಮಂಜಾಗಿ ಬರುತ್ತದೆ’ ಎಂದು ದೂರುವವರಲ್ಲಿ ಅನೇಕರಿಗೆ ಬೇಕಾದುದು ಹೊಸ ಫೋನಲ್ಲ, ಒಂದು ಶುಭ್ರವಾದ ಬಟ್ಟೆ.

ಕಲ್ಲಿನ ಮೇಲಿನ ಕನ್ನಡ

ಧರ್ಮಪುರಿಯ ಪ್ರಾಚೀನ ನಾಮ ತಗಡೂರು. ನೊಳಂಬರ ಆಳ್ವಿಕೆಯಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಇಲ್ಲಿ ಕನ್ನಡ ಶಾಸನಗಳು ಹುಟ್ಟಿದವು. ಈ ಸೀಮೆಯ ಹೊಲಗಳಲ್ಲಿಯೂ ಕೆರೆಯೇರಿಗಳಲ್ಲಿಯೂ ವೀರಗಲ್ಲುಗಳು ನಿಂತಿವೆ; ಧರ್ಮಪುರಿಯ ವಸ್ತುಸಂಗ್ರಹಾಲಯದಲ್ಲಿಯೂ ಅವುಗಳನ್ನು ನೋಡಬಹುದು. ಬಯಲಿನಲ್ಲಿರುವ ಕಲ್ಲುಗಳು ಮಳೆ ಬಿಸಿಲುಗಳಿಂದ ವರ್ಷವರ್ಷಕ್ಕೂ ಸವೆಯುತ್ತವೆ. ಇಂದು ಓದಲು ಬರುವ ಅಕ್ಷರ ನಾಳೆ ಅಳಿಯಬಹುದು. ವಿದ್ಯಾರ್ಥಿಗಳು ಇವುಗಳ ಚಿತ್ರವನ್ನು ಸರಿಯಾಗಿ ತೆಗೆದರೆ ಅದು ನಾಡಿಗೆ ಸಲ್ಲುವ ಸೇವೆಯೇ ಆಗುತ್ತದೆ.

ಇಲ್ಲಿಯೂ ಓರೆ ಬೆಳಕೇ ಗುರು. ನಡುಹಗಲಿನಲ್ಲಿ ಬೆಳಕು ಎದುರಿನಿಂದ ಬಿದ್ದರೆ ಅಕ್ಷರಗಳು ಕಾಣುವುದಿಲ್ಲ. ಬಿಸಿಲು ಕಲ್ಲಿನ ಮೈಯನ್ನು ಸವರಿಕೊಂಡು ಪಕ್ಕದಿಂದ ಹಾಯುವ ಹೊತ್ತಿನಲ್ಲಿ ಪ್ರತಿ ಗೀರಿನಲ್ಲಿಯೂ ನೆರಳು ತುಂಬಿ ಅಕ್ಷರವು ಎದ್ದು ನಿಲ್ಲುವುದು. ಕಲ್ಲು ನೆರಳಿನಲ್ಲಿದ್ದರೆ ಗೆಳೆಯನೊಬ್ಬನು ದೂರದ ಬಿಸಿಲಿನಲ್ಲಿ ಕನ್ನಡಿಯನ್ನು ಹಿಡಿದು, ಬೆಳಕನ್ನು ಪಕ್ಕದಿಂದ ಹಾಯಿಸಲಿ. ಕಲ್ಲಿನ ಎದುರಿಗೆ ನೇರವಾಗಿ ನಿಂತು ಪೂರ್ಣ ಚಿತ್ರವೊಂದನ್ನು, ಅನಂತರ ಭಾಗಭಾಗವಾಗಿ ಹತ್ತಿರದ ಚಿತ್ರಗಳನ್ನು ತೆಗೆಯಿರಿ. ಗಾತ್ರ ತಿಳಿಯಲು ಒಂದು ಅಳತೆಪಟ್ಟಿಯನ್ನು ಕಲ್ಲಿನ ಪಕ್ಕದಲ್ಲಿ ಇರಿಸಿರಿ. ಅಕ್ಷರ ಸ್ಪಷ್ಟವಾಗಲೆಂದು ಸೀಮೆಸುಣ್ಣ, ಎಣ್ಣೆ, ಹಿಟ್ಟು, ಬಣ್ಣಗಳನ್ನು ಬಳಿಯಬಾರದು, ಕಲ್ಲನ್ನು ಉಜ್ಜಲೂಬಾರದು. ಅದು ಕಲ್ಲಿಗೆ ಮಾಡುವ ಗಾಯ.

ಚೌಕಟ್ಟಿನೊಳಗೆ ಏನಿರಬೇಕು?

ಹೊಸಬರ ಚಿತ್ರಗಳಲ್ಲಿ ವಸ್ತುವು ಬಹಳ ದೂರದಲ್ಲಿರುತ್ತದೆ. ಒತ್ತುವ ಮೊದಲು ಎರಡು ಹೆಜ್ಜೆ ಮುಂದಕ್ಕೆ ಹೋಗಿರಿ. ಬೆರಳಿನಿಂದ ತೆರೆಯನ್ನು ಹಿಗ್ಗಿಸಿ ಹತ್ತಿರಕ್ಕೆ ತರುವುದಕ್ಕಿಂತ ಕಾಲಿನಿಂದ ನಡೆದು ಹೋಗುವುದು ಲೇಸು. ಹಿಗ್ಗಿಸಿದರೆ ಸ್ಪಷ್ಟತೆ ಕುಗ್ಗುವುದು. ಎರಡನೆಯದಾಗಿ, ಹಿನ್ನೆಲೆಯನ್ನು ನೋಡಿರಿ. ತಾತನ ತಲೆಯಿಂದ ವಿದ್ಯುತ್ ಕಂಬ ಮೊಳೆತಂತೆ ಕಾಣುವ ಚಿತ್ರಗಳು ಎಷ್ಟೋ! ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದರೆ ಕಂಬ ಮಾಯವಾಗುವುದು. ಮೂರನೆಯದಾಗಿ, ಮಕ್ಕಳ ಚಿತ್ರವನ್ನು ಮಕ್ಕಳ ಎತ್ತರಕ್ಕೆ ಬಾಗಿ ತೆಗೆಯಿರಿ. ಮೇಲಿನಿಂದ ತೆಗೆದರೆ ತಲೆ ದೊಡ್ಡದಾಗಿ ಕಾಲು ಸಣ್ಣದಾಗಿ ಕಾಣುವುದು.

ಗುಂಪಿನ ಚಿತ್ರದಲ್ಲಿ ಒಬ್ಬರಲ್ಲ ಒಬ್ಬರು ಕಣ್ಣು ಮುಚ್ಚುವುದು ನಿಶ್ಚಯ. ಆದುದರಿಂದ ಮೂರು ಬಾರಿಯಾದರೂ ತೆಗೆಯಿರಿ. ಸೂರ್ಯನು ಅವರ ಕಣ್ಣಿಗೆ ಹೊಡೆಯದಂತೆ ನಿಲ್ಲಿಸಿರಿ. ಗುಂಪು ಚದುರುವ ಮೊದಲು ಒಂದು ಹಾಳೆಯಲ್ಲಿ ಎಡದಿಂದ ಬಲಕ್ಕೆ, ಸಾಲುಸಾಲಾಗಿ ಎಲ್ಲರ ಹೆಸರನ್ನೂ ಬರೆದುಕೊಳ್ಳಿರಿ. ‘ಆಮೇಲೆ ಬರೆದರಾಯಿತು’ ಎಂದು ಬಿಟ್ಟುದರ ಫಲವನ್ನು ಬೀರುವಿನ ಚಿತ್ರದಲ್ಲಿ ನಾವು ಕಂಡಿದ್ದೇವೆ.

ಇವೆಲ್ಲಕ್ಕೂ ಮಿಗಿಲಾದುದು ತಾಳ್ಮೆ ಹಾಗೂ ಜನರ ಮೇಲಣ ಪ್ರೀತಿ. ಮೈಸೂರಿನಲ್ಲಿ ಹುಟ್ಟಿದ ಟಿ. ಎಸ್. ಸತ್ಯನ್ (1923–2009) ಅವರು ತಮ್ಮ ಕ್ಯಾಮರಾವನ್ನು ಹೆಚ್ಚಾಗಿ ಸಾಮಾನ್ಯ ಜನರ ಕಡೆಗೆ ತಿರುಗಿಸಿದರು. ಮಕ್ಕಳನ್ನು ಕುರಿತ ಅವರ ಚಿತ್ರಗಳು, ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ, ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಪ್ರದರ್ಶಿತವಾದವು. ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು (1938–2007) ಮೂಡಿಗೆರೆಯ ತಮ್ಮ ತೋಟದ ಆಸುಪಾಸಿನಲ್ಲಿ ಹಕ್ಕಿಗಳ ಚಿತ್ರಕ್ಕಾಗಿ ಗಂಟೆಗಟ್ಟಲೆ ಕಾಯುತ್ತಿದ್ದರು. ಮನೆಯ ಅಂಗಳದಲ್ಲಿಯೂ ಬೀದಿಯಲ್ಲಿಯೂ ಸಿಗುವ ವಸ್ತುಗಳೇ ಇಂತಹವರಿಗೆ ಸಾಕಾಗಿದ್ದುವು ಎಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡತಕ್ಕದ್ದು.

ಮರ್ಯಾದೆ ಮತ್ತು ಎಚ್ಚರ

ಚಿತ್ರ ತೆಗೆಯುವ ಮುನ್ನ ಅನುಮತಿಯನ್ನು ಕೇಳುವುದು ಸಭ್ಯತೆ. ‘ತೆಗೆಯಬಹುದೇ ಅಮ್ಮಾ, ತೆಗೆಯಬಹುದೇ ಅಣ್ಣಾ?’ ಎಂದು ಒಂದು ಮಾತು ಕೇಳಿರಿ. ಬೇಡವೆಂದರೆ ನಮಸ್ಕರಿಸಿ ಮುಂದೆ ಸಾಗಿರಿ. ಪರರ ಚಿತ್ರಗಳನ್ನು, ಅದರಲ್ಲಿಯೂ ಹೆಣ್ಣುಮಕ್ಕಳ ಹಾಗೂ ಚಿಕ್ಕ ಮಕ್ಕಳ ಚಿತ್ರಗಳನ್ನು, ಅವರ ಮನೆಯವರ ಒಪ್ಪಿಗೆಯಿಲ್ಲದೆ ಯಾರಿಗೂ ಕಳುಹಿಸಬಾರದು. ಗರ್ಭಗುಡಿಯಲ್ಲಿಯೂ, ಅಣೆಕಟ್ಟು ಮುಂತಾದೆಡೆಗಳಲ್ಲಿ ನಿಷೇಧದ ಫಲಕವಿರುವಲ್ಲಿಯೂ ಕ್ಯಾಮರಾ ಚೀಲದಲ್ಲಿಯೇ ಇರಲಿ. ತಳಿ, ಡೆಂಕಣಿಕೋಟೆಗಳ ಕಡೆಯ ಮಕ್ಕಳಿಗೆ ಇನ್ನೊಂದು ಮಾತು: ರಾಗಿಯ ಹೊಲಕ್ಕೆ ಆನೆಗಳು ಬಂದಾಗ ಚಿತ್ರದ ಆಸೆಯಿಂದ ಹತ್ತಿರ ಹೋಗಕೂಡದು. ಆನೆಯು ನಮ್ಮ ಅನುಮತಿಯನ್ನು ಕೇಳಿ ಓಡಿಬರುವುದಿಲ್ಲ.

ಚಿತ್ರಗಳನ್ನು ಕಾಪಾಡುವುದು

ಕೆಲವು ವರ್ಷಗಳ ಕೆಳಗೆ ನಮ್ಮ ಸೋದರತ್ತೆಯವರು ಹಸೆಯ ಹಾಡುಗಳನ್ನು ಹೇಳುತ್ತಿದ್ದಾಗ ಅವರ ಅನೇಕ ಚಿತ್ರಗಳನ್ನು ಫೋನಿನಲ್ಲಿ ತೆಗೆದಿದ್ದೆವು. ಬೇರೆಲ್ಲಿಯೂ ಪ್ರತಿ ಇಟ್ಟಿರಲಿಲ್ಲ. ಬಾವಿಯ ಕಟ್ಟೆಯ ಮೇಲಿದ್ದ ಫೋನು ಕೈತಪ್ಪಿ ನೀರಿಗೆ ಬಿದ್ದಿತು. ಮರುವರ್ಷ ಅತ್ತೆಯವರೂ ತೀರಿಕೊಂಡರು. ಫೋನನ್ನು ಮತ್ತೆ ಕೊಂಡೆವು. ಚಿತ್ರಗಳನ್ನು ಎಲ್ಲಿಂದ ತರುವುದು? ಅಂದಿನಿಂದ ನಾವು ಒಂದು ನಿಯಮವನ್ನು ಪಾಲಿಸುತ್ತಿದ್ದೇವೆ. ಮುಖ್ಯವಾದ ಚಿತ್ರಕ್ಕೆ ಎರಡು ಬೇರೆ ಬೇರೆ ಸ್ಥಳಗಳಲ್ಲಿ ಪ್ರತಿ ಇರಬೇಕು. ಅತಿ ಮುಖ್ಯವಾದುದನ್ನು ಕಾಗದದ ಮೇಲೆ ಮುದ್ರಿಸಿಯೂ ಇರಿಸಬೇಕು.

ಮುದ್ರಿಸಿದ ಚಿತ್ರದ ಹಿಂಬದಿಯಲ್ಲಿ ಮೆದುವಾದ ಸೀಸದಕಡ್ಡಿಯಿಂದ, ಒತ್ತದೆ, ಯಾರು, ಎಲ್ಲಿ, ಯಾವಾಗ, ತೆಗೆದವರು ಯಾರು ಎಂಬ ನಾಲ್ಕು ವಿಷಯಗಳನ್ನು ಬರೆಯಿರಿ. ಶಾಯಿಯು ಮುಂಬದಿಗೆ ಇಳಿಯಬಹುದು. ಗೋಡೆಯ ತೇವ ತಾಗದಂತೆ, ಬಿಸಿಲು ಬೀಳದಂತೆ ಇರಿಸಿರಿ. ಮನೆಯ ಟ್ರಂಕಿನಲ್ಲಿರುವ ಹಳೆಯ ಚಿತ್ರಗಳನ್ನು ಮೊಬೈಲಿನಿಂದಲೇ ನಕಲು ಮಾಡಬಹುದು. ಚಿತ್ರವನ್ನು ಕಿಟಕಿಯ ಬಳಿ ಮೇಜಿನ ಮೇಲೆ ಚಪ್ಪಟೆಯಾಗಿ ಇರಿಸಿ, ಫ್ಲ್ಯಾಷ್ ಆರಿಸಿ, ಫೋನನ್ನು ಅದಕ್ಕೆ ಸಮಾನಾಂತರವಾಗಿ ಹಿಡಿದು ತೆಗೆಯಿರಿ. ಹಳೆಯ ಚಿತ್ರವು ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದರೆ ಎಳೆದು ಬಿಡಿಸಬೇಡಿರಿ. ಗಾಜಿನ ಸಮೇತವೇ, ಪ್ರತಿಫಲನ ಬೀಳದ ಕೋನವನ್ನು ಹುಡುಕಿ ನಕಲು ಮಾಡಿರಿ.

ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಮಕ್ಕಳಿಗಾಗಿ ಬೆಲೆಬಾಳುವ ಕ್ಯಾಮರಾವನ್ನು ಕೊಳ್ಳಬೇಕಾಗಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆಯ ಕಾಲ ನಿಮ್ಮ ಫೋನನ್ನು, ನಿಮ್ಮ ಎದುರಿಗೇ, ಅವರ ಕೈಗೆ ಕೊಡಿರಿ. ಅವರು ಅಜ್ಜ ಅಜ್ಜಿಯರ ಪಕ್ಕದಲ್ಲಿ ಕುಳಿತು ಹಳೆಯ ಚಿತ್ರಗಳಲ್ಲಿರುವವರ ಹೆಸರುಗಳನ್ನು ಕೇಳಿ ಬರೆದುಕೊಳ್ಳಲಿ. ಹೇಳುವವರು ಇರುವಾಗಲೇ ಕೇಳಬೇಕು.

ವಿದ್ಯಾರ್ಥಿಗಳಿಗೆ ಈ ವರ್ಷದ ಅಭ್ಯಾಸವಾಗಿ ಹತ್ತು ಚಿತ್ರಗಳನ್ನು ಸೂಚಿಸುತ್ತೇವೆ: ಮನೆಯ ಅತ್ಯಂತ ಹಿರಿಯರು, ಅವರ ಕೈಗಳು, ಅಡಿಗೆಯ ಒಲೆ, ಊರಿನ ಕಸುಬುದಾರರೊಬ್ಬರು, ಊರಿನ ಹಳೆಯ ಮರ, ಒಂದು ವೀರಗಲ್ಲು ಅಥವಾ ಶಾಸನ, ಕನ್ನಡದಲ್ಲಿ ಬರೆದ ಒಂದು ಹಳೆಯ ಫಲಕ, ಹಬ್ಬದ ದಿನದ ಅಂಗಳ, ನಿಮ್ಮ ತರಗತಿ, ನಿಮಗೆ ಅಕ್ಷರ ಕಲಿಸಿದ ಗುರುಗಳು. ಪ್ರತಿಯೊಂದಕ್ಕೂ ನಾಲ್ಕು ವಿಷಯಗಳನ್ನು ಕನ್ನಡದಲ್ಲಿ ಬರೆದು ಶಾಲೆಯ ಸಂಪುಟಕ್ಕೆ ಕೊಡಿರಿ. ಮೊದಲ ಚಿತ್ರಗಳು ಕೆಟ್ಟರೆ ಎದೆಗುಂದಬೇಕಾಗಿಲ್ಲ. ನಮ್ಮ ಮೊದಲ ಹನ್ನೆರಡೂ ಕೆಟ್ಟುವೆಂಬುದನ್ನು ನೆನೆದುಕೊಳ್ಳಿರಿ. ಐವತ್ತು ವರ್ಷಗಳ ಅನಂತರ ಯಾರಾದರೊಬ್ಬರು ಈ ಬೀರುವನ್ನು ತೆರೆದಾಗ, ಪ್ರತಿಯೊಂದು ಮುಖದ ಹಿಂದೆಯೂ ಒಂದು ಹೆಸರಿರಲಿ ಎಂಬುದೇ ನಮ್ಮ ಹಾರೈಕೆ.